ಹೂಂಗುಟ್ಟಿದವರಿಗೆ ಜಪಾನಿ

ಜಪಾನಿ ಭಾಷೆಯ ಜೆಎಲ್‌ಪಿಟಿ ಪರೀಕ್ಷೆ 1984ರಿಂದ ನಡೆಯುತ್ತಿದೆ. ಈಗ ಎನ್5ರಿಂದ ಎನ್1ರ ತನಕ ಐದು ಮೆಟ್ಟಿಲು. ಕೇಳಿಸಿಕೊಳ್ಳುವ ಪರೀಕ್ಷೆ ಉಂಟು, ಮಾತಾಡುವುದು ಇಲ್ಲ! ಹೀಗೆ ತುಟಿ ಬಿಚ್ಚದೆ ಪಾಸಾದವರು ಟೋಕಿಯೊದಲ್ಲಿ ಇಳಿದು ಮೂಕರಾಗುತ್ತಾರೆ.

ತುಟಿ ಬಿಚ್ಚಿದರೂ ಅಪಾಯವೇ. 'ಒಬಸನ್' ಎಂದರೆ ಅತ್ತೆ, ಚಿಕ್ಕಮ್ಮ. 'ಒಬಾಸನ್' ಎಂದರೆ ಅಜ್ಜಿ. 'ಬ್ಯೋಇನ್' ಆಸ್ಪತ್ರೆ, 'ಬಿಯೋಇನ್' ಬ್ಯೂಟಿ ಪಾರ್ಲರ್. ಒಂದೇ ಒಂದು ಮಾತ್ರೆ ಹೆಚ್ಚಾದರೆ ಜ್ವರ ಬಂದವನಿಗೆ ಹೇರ್‌ಕಟ್! ಲಘು-ಗುರು ಎಣಿಸಿ ಬೆಳೆದ ಕನ್ನಡದ ಕಿವಿಗೆ ಇದು ಅಷ್ಟು ಕಷ್ಟವಲ್ಲ, ಕ್ರಿಯಾಪದ ಕೊನೆಗೆ ಬರುವುದೂ ನಮ್ಮ ಹಾಗೆಯೇ.

ಕೇಳುವವರು ನಡುನಡುವೆ 'ಹಾಯ್, ಹಾಯ್' ಎನ್ನುತ್ತಲೇ ಇರಬೇಕು. ನಮ್ಮ ಹೂಂಗುಟ್ಟುವಿಕೆಯೇ ಅದು. ಅಲ್ಲಿ ಅದರ ಹೆಸರು 'ಐಜುಚಿ'. ಒಪ್ಪಿಗೆ ಸಿಕ್ಕಿತೆಂದು ಹಿಗ್ಗುವಂತಿಲ್ಲ, 'ಕೇಳಿಸುತ್ತಿದೆ' ಎಂದಷ್ಟೇ ಅರ್ಥ.

ಕಲಿಯುವವರ ನೆಚ್ಚಿನ ಉಪಾಯ ಶ್ಯಾಡೋಯಿಂಗ್: ಧ್ವನಿಮುದ್ರಿಕೆ ಕೇಳುತ್ತಲೇ, ಅರೆಗಳಿಗೆ ಹಿಂದೆ ಬಿದ್ದು, ಅದನ್ನೇ ನುಡಿಯುವುದು. ಬೆಂಗಳೂರಿನ ಮೆಟ್ರೊದಲ್ಲಿ ಹುಡುಗನೊಬ್ಬ ಇಯರ್‌ಫೋನ್ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ ಹೀಗೆ ಮಣಮಣ ಎನ್ನುತ್ತಿದ್ದ. ಪಕ್ಕದ ಅಜ್ಜಿ ಭಕ್ತಿಯಿಂದ ಕೇಳಿದರು: "ಯಾವ ಸ್ತೋತ್ರನಪ್ಪಾ ಇದು?"

"ಹಾಯ್, ಹಾಯ್," ಎಂದ.