ಧರಮಪೇಠೀಯ ಕನ್ವರ್ಟಿಬಲ್ ಮೀಮಾಂಸೆ

ಐಷಾರಾಮಿ ಕನ್ವರ್ಟಿಬಲ್ ಎಂದರೆ ಮಾಡು ಇದ್ದೂ ಇಲ್ಲದ ಕಾರು. ಮಾಡೇ ಇಲ್ಲದ್ದು ಎಂದು ಲಕ್ಷಣ ಹೇಳಿದರೆ ಅದು ಟ್ರ್ಯಾಕ್ಟರಿಗೂ ತಗುಲಿ ಅತಿವ್ಯಾಪ್ತಿ ದೋಷ ಬರುತ್ತದೆ. ಮಡಚುವ ಮಾಡುಳ್ಳದ್ದು ಎಂದರೆ ಸೈಕಲ್ ರಿಕ್ಷಾವೂ ಒಳಗೆ ಬಂದು ಕೂರುತ್ತದೆ. ಆದಕಾರಣ ನಿರ್ದುಷ್ಟ ಲಕ್ಷಣ ಹೀಗೆ: ಮಾಡು ಕಿತ್ತುಕೊಂಡು ಅದಕ್ಕಾಗಿ ಹೆಚ್ಚು ದುಡ್ಡು ಕೇಳಿದರೂ ಗಿರಾಕಿ ಕೊಡುವ ವಾಹನ. ಇದಕ್ಕೆ ಯಾಂತ್ರಿಕ ಆಧಾರವೂ ಉಂಟು. ಮಾಡು ಹೋದ ಕಾರಿನ ಮೈ ಹಳ್ಳದಿಣ್ಣೆಯಲ್ಲಿ ತಿರುಚಿಕೊಳ್ಳುತ್ತದೆ. ಅದನ್ನು ತಡೆಯಲು ತಳಕ್ಕೆ, ಬಾಗಿಲ ಕೆಳಗಿನ ಪಟ್ಟಿಗೆ ಹೆಚ್ಚಿನ ಉಕ್ಕು ಕೊಡಬೇಕು. ಮೇಲೆ ಮಡಚುವ ಕಮಾನು, ಮೋಟಾರು, ಹೈಡ್ರಾಲಿಕ್ ಪಂಪು. ಹೀಗಾಗಿ ಮಾಡಿಲ್ಲದ ಕಾರು ಮಾಡಿರುವ ತನ್ನ ಅಣ್ಣನಿಗಿಂತ ಸಾಮಾನ್ಯವಾಗಿ ಭಾರ. ತ್ಯಾಗ ಮಾಡಿದವರ ತೂಕ ಹೆಚ್ಚುವುದು ರಾಜಕೀಯದಲ್ಲಿ ಕಂಡದ್ದೇ, ಲೋಹದಲ್ಲಿ ಅಪರೂಪ.

ಇನ್ನು ದೇಶ-ಕಾಲ. ಪರೀಕ್ಷೆಗೆ ನಾಗಪುರದ ಧರಮಪೇಠಕ್ಕಿಂತ ತಕ್ಕ ಸ್ಥಳವಿಲ್ಲ. ಮಕ್ಕಳಿಗೆ ಸಂಚಾರ ನಿಯಮ ಕಲಿಸಲೆಂದು ಟ್ರಾಫಿಕ್ ಪಾರ್ಕನ್ನೇ ಇಟ್ಟುಕೊಂಡ ಬಡಾವಣೆ ಅದು. (ಅಲ್ಲಿ ಕಲಿತ ಮಕ್ಕಳು ದೊಡ್ಡವರಾಗಿ ಎಲ್ಲಿ ಹೋದರೆಂಬುದು ಬೇರೆಯೇ ಸಂಶೋಧನೆಯ ವಿಷಯ.) ಮೇ ತಿಂಗಳಲ್ಲಿ ಪಾದರಸ 45 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಆಗ ಕ್ರೋಮಿನ ಹಿಡಿಕೆಯನ್ನು ಕರ್ಚೀಫು ಸುತ್ತಿ ಮುಟ್ಟಬೇಕು. ಕಪ್ಪು ಚರ್ಮದ ಸೀಟಿನ ಮೇಲೆ ಟವೆಲು ಹಾಸದೆ ಕೂತವರು ಕೂತ ವೇಗದಲ್ಲೇ ಏಳುತ್ತಾರೆ. ಜೂನ್ ನಡುವಿನಿಂದ ಸೆಪ್ಟೆಂಬರ್ ತನಕ ಮಳೆ. ಹಳೆಯ ಕ್ಯಾನ್ವಾಸ್ ಮಾಡು ಮುಂಗಾಜಿಗೆ ಸೇರುವ ಸಂದಿಯಲ್ಲೇ ಸೋರುತ್ತದೆ. ಹನಿ ಬೀಳುವ ಜಾಗ ಚಾಲಕನ ಮೊಣಕಾಲು. ಚಳಿಗಾಲ ಪ್ರಶಸ್ತವೇನೋ ಹೌದು, ಆದರೆ ಅದು ಮದುವೆಗಳ ಕಾಲ. ವೆಸ್ಟ್ ಹೈಕೋರ್ಟ್ ರಸ್ತೆಯಲ್ಲಿ ದಿಬ್ಬಣದ ಬ್ಯಾಂಡಿನ ಹಿಂದೆ ಸಿಕ್ಕಿಕೊಂಡ ತೆರೆದ ಕಾರಿನೊಳಗೆ ಅಪರಿಚಿತ ವರನನ್ನು ಹತ್ತಿಸಿಬಿಡುವ ಅಪಾಯವಿದೆ. ಉಳಿಯುವುದು ಜನವರಿಯ ಒಂದೆರಡು ಭಾನುವಾರದ ಬೆಳಗು.

ಇದರಿಂದ ಹೊರಡುವ ಸಿದ್ಧಾಂತ: ಕನ್ವರ್ಟಿಬಲ್‌ನ ಆಕರ್ಷಣೆ, ಅದನ್ನು ಓಡಿಸಲಾಗದ ದಿನಗಳ ಸಂಖ್ಯೆಗೆ ನೇರ ಅನುಪಾತದಲ್ಲಿರುತ್ತದೆ. ದಿನಾ ಓಡುವ ಕಾರು ಬರೀ ವಾಹನ. ನಿಂತ ಕಾರು ಸಂಗ್ರಹ.

ಸಿದ್ಧಾಂತಕ್ಕೆ ರಾಜಶಾಸನದ ಬೆಂಬಲವಿದೆ. 2021ರ ಜುಲೈಯಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಹೊರಡಿಸಿದ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿ, ಮೂಲ ರೂಪ ಕೆಡದೆ ಉಳಿದ ವಾಹನ ವಿಂಟೇಜ್ ಎನಿಸಿಕೊಳ್ಳುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ನಂತರದ ಮರುನೋಂದಣಿಗೆ 5,000. ಹೊಸ ನೋಂದಣಿಯಾದರೆ ಫಲಕದಲ್ಲಿ ರಾಜ್ಯದ ಅಕ್ಷರಗಳ ಬೆನ್ನಿಗೆ 'ವಿಎ' ಬರುತ್ತದೆ; ಮೊದಲೇ ನೋಂದಣಿಯಾದದ್ದು ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ನಾಗಪುರದವರು ಅಭಿಮಾನದಿಂದ ಹೊತ್ತ ಊರಿನ ನೋಂದಣಿ ಸಂಕೇತ 31ಕ್ಕೆ 'ವಿಎ' ಫಲಕದಲ್ಲಿ ಜಾಗವಿಲ್ಲ. ಇಂಥ ವಾಹನ ರಸ್ತೆಗಿಳಿಯಬಹುದಾದ ಕಾರಣಗಳು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ರಿಪೇರಿ ಮತ್ತು ಇಂಧನ ತುಂಬಿಸುವುದು. ಕೊನೆಯದರ ಸೂಕ್ಷ್ಮವನ್ನು ಗಮನಿಸಬೇಕು: ಪೆಟ್ರೋಲ್ ಹಾಕಿಸಲು ಬಂಕಿಗೆ ಹೋಗಬಹುದು, ಹಾಕಿಸಿದ ಪೆಟ್ರೋಲಿನಲ್ಲಿ ಮನೆಗೆ ಬರಬಹುದು, ಖಾಲಿಯಾಯಿತೆಂದು ಮತ್ತೆ ಹೋಗಬಹುದು. ತರಕಾರಿ ತರಲು ಮಾತ್ರ ಗೋಕುಲಪೇಠದ ಮಾರುಕಟ್ಟೆಗೆ ಹೋಗುವಂತಿಲ್ಲ, ಕೊತ್ತಂಬರಿಯನ್ನು ತಾಂತ್ರಿಕ ಸಂಶೋಧನೆ ಎಂದು ಸಾಧಿಸಬಲ್ಲ ವಕೀಲ ಸಿಕ್ಕರೆ ಬೇರೆ ಮಾತು.

ಅಭಾವವೇ ಬೆಲೆ ಎಂಬುದಕ್ಕೆ ಅಮೆರಿಕದ ದೃಷ್ಟಾಂತ ಪ್ರಸಿದ್ಧ. 1976ರಲ್ಲಿ ಕ್ಯಾಡಿಲಾಕ್ ಕಂಪನಿ ತನ್ನ ಎಲ್ಡೊರಾಡೊವನ್ನು ಆ ದೇಶದ ಕಟ್ಟಕಡೆಯ ಕನ್ವರ್ಟಿಬಲ್ ಎಂದು ಸಾರಿ 14,000 ಕಾರು ಮಾರಿತು. ಜನ ಹೆಚ್ಚಿನ ದುಡ್ಡು ಕೊಟ್ಟು ಕೊಂಡು ಓಡಿಸದೆ ಮುಚ್ಚಿಟ್ಟರು. 1984ಕ್ಕೆ ಎಲ್ಡೊರಾಡೊ ಕನ್ವರ್ಟಿಬಲ್ ಮತ್ತೆ ಹುಟ್ಟಿತು. ಮುಚ್ಚಿಟ್ಟವರು ಕೋರ್ಟಿಗೆ ಹೋದರು. ಪುನರ್ಜನ್ಮದಿಂದ ನಷ್ಟವಾಯಿತೆಂಬ ದಾವೆ ನಮ್ಮ ಕಡೆ ಇನ್ನೂ ಹೂಡಬೇಕಾಗಿದೆ.

ಪೂರ್ವಪಕ್ಷಿ ಇಲ್ಲಿ ಎದ್ದು ನಿಲ್ಲುತ್ತಾನೆ: 2022ರ ಮೇ ತಿಂಗಳಲ್ಲಿ 13.5 ಕೋಟಿ ಯೂರೋಗೆ ಮಾರಾಟವಾಗಿ ಬೆಲೆಯ ದಾಖಲೆ ಬರೆದ 1955ರ ಮರ್ಸಿಡಿಸ್-ಬೆಂಜ್ 300 ಎಸ್‌ಎಲ್‌ಆರ್ ಊಲೆನ್‌ಹೌಟ್ ಕೂಪೆಗೆ ಮಾಡಿದೆಯಲ್ಲ? ಇದೆ. ಆದರೆ ಅದರ ಬಾಗಿಲುಗಳ ಕೀಲು ಮಾಡಿನಲ್ಲೇ ಇದ್ದು, ತೆರೆದಾಗ ಮಾಡಿನ ಒಂದು ಪಾಲೂ ಜೊತೆಗೆ ಮೇಲೇಳುತ್ತದೆ. ಆದ್ದರಿಂದ ಅದನ್ನು ಬಾಗಿಲು ತೆರೆದಿರುವಷ್ಟು ಹೊತ್ತು ಕನ್ವರ್ಟಿಬಲ್ ಎಂದೇ ಗ್ರಹಿಸತಕ್ಕದ್ದು. ಪೂರ್ವಪಕ್ಷಿ ಕೂರತಕ್ಕದ್ದು.

ನಿಂತ ಕಾರಿನ ಪ್ರಯೋಜನವೇನೆಂಬ ಪ್ರಶ್ನೆಗೆ ಉತ್ತರ ನಾಗಪುರದಲ್ಲೇ ಇದೆ. ಎತ್ತುಗಳನ್ನು ಪೂಜಿಸುವ ಪೋಳಾ ಹಬ್ಬದ ಮರುದಿನ ಇಲ್ಲಿ ತಾನ್ಹಾ ಪೋಳಾ. ಮಕ್ಕಳು ಗಾಲಿ ಹಚ್ಚಿದ ಮರದ ಎತ್ತುಗಳನ್ನು ಸಿಂಗರಿಸಿ ಮೆರವಣಿಗೆ ತರುತ್ತಾರೆ. ಭೋಸಲೆ ಅರಸರ ಕಾಲದ ರೂಢಿಯೆಂದು ಊರಿನ ನಂಬಿಕೆ. ಉತ್ತರ ಕರ್ನಾಟಕದ ಮಣ್ಣೆತ್ತಿಗೆ ಒಂದು ಅಮಾವಾಸ್ಯೆಯ ಆಯುಷ್ಯ. ಇಲ್ಲಿಯ ಮರದೆತ್ತು ಪಾಲಿಶು ಬಳಿಸಿಕೊಂಡು ಮೊಮ್ಮಕ್ಕಳಿಗೆ ಬರುತ್ತದೆ. ಗಾಲಿಯಿದೆ, ಮಾಡಿಲ್ಲ, ಉಳಲು ಬಾರದು, ವರ್ಷಕ್ಕೊಮ್ಮೆ ಹೊರಗೆ ಬರುತ್ತದೆ, ಬಹುಮಾನ ಗೆಲ್ಲುತ್ತದೆ. ಸಂಗ್ರಾಹಕ ಮನೋಧರ್ಮದ ಬಾಲಪಾಠ ಇದೇ ಎನ್ನಲು ಅಡ್ಡಿಯಿಲ್ಲ.

ಕೊನೆಗೆ ಅಧಿಕಾರಿ, ಅಂದರೆ ಈ ವಿದ್ಯೆಗೆ ಅರ್ಹನಾದವನು. ಅವನಿಗೆ ದುಡ್ಡು ಬೇಕೆಂಬುದನ್ನು ಹೇಳಬೇಕಾಗಿಲ್ಲ. ತಾಳ್ಮೆ ಬೇಕು: ರಬ್ಬರು ಪೈಪು ಬಿರಿಯುತ್ತದೆ, ಹಿಂಬದಿಯ ಪ್ಲಾಸ್ಟಿಕ್ ಕಿಟಕಿ ಹಳದಿಗಟ್ಟುತ್ತದೆ, ನಿಂತಲ್ಲೇ ಬ್ಯಾಟರಿ ಇಳಿಯುತ್ತದೆ. ಎಲ್ಲಕ್ಕಿಂತ ಮೊದಲು ಭದ್ರವಾದ ಶೆಡ್ಡು ಬೇಕು. ಧರ್ಮಸ್ಥಳದ ಹಳೆಯ ಕಾರುಗಳ ಸಂಗ್ರಹಾಲಯವನ್ನು ನೋಡಿದವರಿಗೆ ಗೊತ್ತು, ಹಳೆಯ ಕಾರು ಬಾಳುವುದು ಸೂರಿನ ಕೆಳಗೇ. ಧರಮಪೇಠದ ಬಂಗಲೆಯಲ್ಲಾದರೆ ತಗಡಿನ ಬದಲು ಆರ್‌ಸಿಸಿ ಹಾಕಿಸುವುದು ಮೇಲು. ಶೆಡ್ಡಿನ ಮಾಡಿಗೆ ಮಡಚುವ ಸೌಲಭ್ಯ ಇರಕೂಡದು.