ಆ ನಂಬರ್ ಯಾರದು, ಗಿರಿಜಕ್ಕ?

ಅಲ್ಲ ಗಿರಿಜಕ್ಕ, ನಿಮ್ಮ ಮಗ ನಿನ್ನೆಯಿಂದ "ಸಿಕ್ಕಿಬಿದ್ದ, ಅಡ್ರೆಸ್ಸೇ ಸಿಕ್ತು" ಅಂತ ಕುಣೀತಿದ್ದಾನಲ್ಲ, ಅವನನ್ನ ಒಂದು ಗಳಿಗೆ ಕೂರಿಸಿ. ನಮ್ಮ ಸುಮಾಳ ಆನ್‌ಲೈನ್ ಸೀರೆ ವ್ಯಾಪಾರದ ಆರ್ಡರ್ ಫಾರ್ಮ್‌ನಲ್ಲಿ ಯಾವನೋ ದಿನಾ ರಾತ್ರಿ ಹೊಲಸು ಬರೀತಾನೆ ಅಂದ್ರೆ ನನಗೂ ಮೈ ಉರಿಯುತ್ತೆ. ಆದರೆ ಹುಡುಗನಿಗೆ ಸಿಕ್ಕಿರೋದು ಐಪಿ ಅಡ್ರೆಸ್ಸು, ಅಂದ್ರೆ ಇಂಟರ್ನೆಟ್ ಸಂಪರ್ಕದ ಒಂದು ನಂಬರು, ಆ ಪಾಪಿಯ ಮನೆ ವಿಳಾಸವಲ್ಲ.

ಈ ನಂಬರ್‌ಗಳ ಲೆಕ್ಕ ಇಡೋಕೆ ಸಂಸ್ಥೆಗಳಿವೆ. ನಮ್ಮ ಕಡೆಯ ದೇಶಗಳಿಗೆಲ್ಲ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿರೋ ಎಪಿನಿಕ್, ಅದರ ಕೆಳಗೆ ಭಾರತಕ್ಕೆ ಐರಿನ್. 'ಹೂ ಈಸ್' ಅನ್ನೋ ಹುಡುಕಾಟದಲ್ಲಿ ನಂಬರ್ ಹಾಕಿದರೆ ಅದು ಯಾವ ಇಂಟರ್ನೆಟ್ ಕಂಪನಿಯದು ಅಂತ ಬರುತ್ತೆ. ಕಂಪನಿಯ ಹೆಸರು, ಕಚೇರಿ ವಿಳಾಸ, ಕೆಳಗೆ 'ಅಬ್ಯೂಸ್-ಮೇಲ್‌ಬಾಕ್ಸ್' ಅಂತ ಒಂದು ಸಾಲು. ದೂರು ಬರೆಯಬೇಕಾದ ಇಮೇಲ್ ಅದು, ನಮಗೆ ಬೇಕಾದ ಸಾಲೂ ಅದೇ. ಆ ಕಂಪನಿಯ ಗಿರಾಕಿ ಯಾರು ಅನ್ನೋದು ಅಲ್ಲಿ ಇರೋದಿಲ್ಲ.

ಮ್ಯಾಪ್‌ನಲ್ಲಿ ಊರು ತೋರಿಸ್ತಂತೆ? ಅದು ಬರೀ ಅಂದಾಜು. ಅಮೆರಿಕದ ಕ್ಯಾನ್ಸಸ್‌ನಲ್ಲಿ ಒಂದು ತೋಟದ ಮನೆಗೆ ವರ್ಷಗಟ್ಟಲೆ ಪೊಲೀಸರು, ಮೋಸಹೋದವರು ಬಂದು ಬಾಗಿಲು ಬಡೀತಿದ್ರು. ಊರು ಗೊತ್ತಾಗದ ಅಮೆರಿಕದ ನಂಬರ್‌ಗಳನ್ನೆಲ್ಲ ಒಂದು ಕಂಪನಿ ದೇಶದ ನಟ್ಟನಡುವಿನ ಒಂದು ಬಿಂದುವಿಗೆ ಕಟ್ಟಿಹಾಕಿತ್ತು, ಆ ಬಿಂದು ಹೋಗಿ ಇವರ ಜಮೀನಿನಲ್ಲಿ ಬಿತ್ತು. ಅಷ್ಟೇ ಅವರ ತಪ್ಪು.

ಅಷ್ಟು ದೂರ ಯಾಕೆ, 2007ರಲ್ಲಿ ನಮ್ಮ ಬೆಂಗಳೂರಿನಲ್ಲೇ ಆಯ್ತಲ್ಲ. ಆಗಿನ ಆರ್ಕುಟ್ ಅನ್ನೋ ಜಾಲತಾಣದಲ್ಲಿ ಯಾರೋ ಶಿವಾಜಿ ಮಹಾರಾಜರಿಗೆ ಅವಮಾನ ಆಗೋ ಚಿತ್ರ ಹಾಕಿದ್ರು ಅಂತ ಪುಣೆ ಪೊಲೀಸರು ಇಲ್ಲಿಗೆ ಬಂದು ಒಬ್ಬ ಸಾಫ್ಟ್‌ವೇರ್ ಎಂಜಿನಿಯರನ್ನ ಹಿಡಿದುಕೊಂಡು ಹೋದರು. ಐಪಿ ಅಡ್ರೆಸ್ ನೋಡಿ ಇಂಟರ್ನೆಟ್ ಕಂಪನಿ ಕೊಟ್ಟ ಹೆಸರೇ ತಪ್ಪಾಗಿತ್ತು. ಏನೂ ಮಾಡದ ಆ ಹುಡುಗ 50 ದಿನ ಜೈಲಿನಲ್ಲಿ ಕೊಳೆತ. ಅವನ ತಾಯಿಯನ್ನ ನೆನೆಸಿಕೊಂಡರೆ ನನಗೆ ಈಗಲೂ ಸಂಕಟ ಆಗುತ್ತೆ. ಅದಕ್ಕೇ ಹೇಳ್ತೀನಿ, ಮೂಲೆಮನೆ ಹುಡುಗನ ಮೇಲೆ ಅನುಮಾನ ಅಂತ ನಿಮ್ಮ ಮಗ ಇನ್ನೊಬ್ಬರ ಹತ್ತಿರ ಬಾಯಿ ಬಿಡಬಾರದು.

ಇನ್ನೊಂದು ತೊಡಕು ಕೇಳಿ. ಹಳೇ ಮಾದರಿಯ ಐಪಿ ನಂಬರ್‌ಗಳು ಇಡೀ ಪ್ರಪಂಚಕ್ಕೆ ಸೇರಿ ಸುಮಾರು 430 ಕೋಟಿ. ಫೋನುಗಳು ಎಷ್ಟಿವೆ! ಹಾಗಾಗಿ ಮೊಬೈಲ್ ಕಂಪನಿಯವರು ಒಂದೇ ನಂಬರನ್ನ ಒಂದೇ ಹೊತ್ತಿಗೆ ಎಷ್ಟೋ ಜನಕ್ಕೆ ಹಂಚಿರ್ತಾರೆ. ದೊಡ್ಡ ಅಪಾರ್ಟ್‌ಮೆಂಟಿನ ಗೇಟು ಗೊತ್ತಾಯ್ತು, ಮನೆ ಗೊತ್ತಾಗಲಿಲ್ಲ ಅನ್ನೋ ಹಾಗೆ. ಮನೆ ಹುಡುಕಬೇಕು ಅಂದ್ರೆ ನಂಬರ್ ಜೊತೆ ಆ ಹೊತ್ತಿನ ಸಂಪರ್ಕವನ್ನ ಗುರುತಿಸೋ ಪೋರ್ಟ್ ಸಂಖ್ಯೆ ಬೇಕು, ಸೆಕೆಂಡು ಸಮೇತ ಸಮಯ ಬೇಕು.

ಸಮಯದಲ್ಲೇ ಜನ ಎಡವೋದು. ಸುಮಾ ನನಗೆ ತೋರಿಸಿದ ಲಾಗ್‌ನಲ್ಲಿ, ಅಂದ್ರೆ ಫಾರ್ಮ್‌ಗೆ ಯಾವ ನಂಬರ್ ಯಾವಾಗ ಬಂತು ಅನ್ನೋ ದಾಖಲೆಯಲ್ಲಿ, 20:10 ಅಂತಿದೆ, ಪಕ್ಕದಲ್ಲಿ +0000, ಅಂದ್ರೆ ಅದು ನಮ್ಮ ಸಮಯವಲ್ಲ, ಗ್ರೀನಿಚ್ ಸಮಯ. ರಾತ್ರಿ ಎಂಟೂ ಹತ್ತು ಅಂತ ಬರೆದುಕೊಟ್ಟರೆ ಕೆಟ್ಟಿತು. ಅದಕ್ಕೆ ಐದೂವರೆ ಗಂಟೆ ಸೇರಿಸಬೇಕು, ನಮ್ಮ ಗಡಿಯಾರದಲ್ಲಿ ಅದು ಮಾರನೇ ದಿನ ಬೆಳಗಿನ ಜಾವ 1:40. ತಪ್ಪು ಹೊತ್ತು ಬರೆದುಕೊಟ್ಟರೆ ಆ ಹೊತ್ತಿನಲ್ಲಿ ಆ ನಂಬರ್ ಇಟ್ಟುಕೊಂಡಿದ್ದ ಬೇರೆ ಯಾರೋ ಸಿಕ್ಕಿಹಾಕಿಕೊಳ್ತಾರೆ. ಅದಕ್ಕೆ ಸಮಯವನ್ನ ತಿದ್ದದೆ, +0000 ಸಮೇತ ಸಾಲನ್ನ ಇದ್ದ ಹಾಗೇ ಕೊಡಲಿ.

ಇವತ್ತೇ ಆ ಲಾಗ್ ಫೈಲ್ ಇಳಿಸಿಕೊಳ್ಳೋಕೆ ಸುಮಾಗೆ ಹೇಳಿ. ಕಂಪನಿಗಳು ಲಾಗ್‌ಗಳನ್ನ 180 ದಿನ ಇಟ್ಟಿರಬೇಕು ಅಂತ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರಲ್ಲೇ ಆದೇಶ ಮಾಡಿದೆ, ಆದರೆ ಅದನ್ನೇ ನಂಬಿ ಕೂರೋದು ಬೇಡ. ಹೊಲಸು ಮಾತುಗಳನ್ನ ಅಸಹ್ಯ ಅಂತ ಅಳಿಸಬಾರದು, ಅವನಿಗೆ ಉತ್ತರವನ್ನೂ ಕೊಡಬಾರದು. ಕಂಪನಿಯ ಅಬ್ಯೂಸ್ ಇಮೇಲ್‌ಗೆ ಒಂದು ದೂರು ಹೋಗಲಿ. ಅವರು ಹೆಸರು ಹೇಳೋದಿಲ್ಲ, ಹೇಳಲೂಬಾರದು. ನಾವು ಕೇಳಿದ ತಕ್ಷಣ ಹೆಸರು ಕೊಡೋ ಹಾಗಿದ್ರೆ ನಾಳೆ ಅಂಥವನೇ ಸುಮಾಳ ವಿಳಾಸ ಕೇಳ್ತಾನೆ. ಕಾನೂನಿನ ಪ್ರಕಾರ ನೋಟಿಸ್ ಕೊಟ್ಟು ಹೆಸರು ತೆಗೆಸಬೇಕಾದವರು ಪೊಲೀಸರು. ಕೇಂದ್ರದ ಸೈಬರ್‌ಕ್ರೈಮ್ ಪೋರ್ಟಲ್‌ನಲ್ಲಿ ದೂರು ಹಾಕಿ, ಪ್ರಿಂಟ್ ತಗೊಂಡು ಸೈಬರ್ ಪೊಲೀಸ್ ಠಾಣೆಗೆ ಹೋಗೋಣ.

ನಾಳೆ ಹನ್ನೊಂದಕ್ಕೆ ಹೊರಡೋಣ, ನಾನೂ ಬರ್ತೀನಿ. ಆ ಹೊಲಸು ಮಾತುಗಳನ್ನ ಸುಮಾ ಅಲ್ಲಿ ಬಾಯಿಬಿಟ್ಟು ಓದಿ ಹೇಳೋದು ಬೇಡ, ಎಲ್ಲಾ ಕಾಗದದಲ್ಲೇ ಇರಲಿ.