ಹಂಚುಮೀಮಾಂಸೆ: ಮಂಗಳೂರು ಮಾಡಿನ ಕುರಿತು ಒಂದು ಘನಪ್ರಬಂಧ

ಹಳಗನ್ನಡ ಛಂದಸ್ಸಿಗೆ, ಹೊಯ್ಸಳ ಶಿಲ್ಪಕ್ಕೆ, ಯಕ್ಷಗಾನದ ತಿಟ್ಟುಗಳಿಗೆ ಕನ್ನಡದಲ್ಲಿ ವಿದ್ವಾಂಸರಿದ್ದಾರೆ. ಆ ವಿದ್ವಾಂಸರ ತಲೆ ನೆನೆಯದಂತೆ ನೋಡಿಕೊಂಡ ಹಂಚಿಗೆ ಯಾವ ವಿಶ್ವವಿದ್ಯಾಲಯದಲ್ಲೂ ಒಂದು ಪೀಠವಿಲ್ಲ. ಪ್ರಸ್ತುತ ಪ್ರಬಂಧ ಈ ಕೊರತೆ ನೀಗಿಸಲು ಟೊಂಕ ಕಟ್ಟಿದೆ.

ಸಂಪ್ರದಾಯದಂತೆ ಮೊದಲು ಕಾಲನಿರ್ಣಯ. ಸೋಗೆಯ ಮಾಡು, ಮುಳಿಹುಲ್ಲಿನ ಮಾಡು, ಕುಂಬಾರರ ನಾಡಹಂಚು, ಇವು ಪ್ರಾಚೀನ ಯುಗಕ್ಕೆ ಸೇರಿದವು. ಆಧುನಿಕ ಯುಗ ಆರಂಭವಾದದ್ದು ಕರಾವಳಿಯಲ್ಲಲ್ಲ, ಯುರೋಪಿನ ಅಲ್ಸಾಸ್‌ನಲ್ಲಿ. ಅಲ್ಲಿನ ಗಿಲಾರ್ದೋನಿ ಸಹೋದರರು 1841ರಲ್ಲಿ, ಒಂದಕ್ಕೊಂದು ಕಚ್ಚಿಕೊಂಡು ಕೂರುವ ಹಂಚಿಗೆ ಪೇಟೆಂಟ್ ಪಡೆದರು. ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಆ ಜಾತಿಯ ಹಂಚನ್ನು ನೇತ್ರಾವತಿಯ ಜೇಡಿಮಣ್ಣಿನಲ್ಲಿ ಸುಟ್ಟು ತೆಗೆಯಲು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದರು. ಇದೇ ಮಿಶನ್ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನೂ 1894ರಲ್ಲಿ ಕಿಟೆಲ್ ನಿಘಂಟನ್ನೂ ಕೊಟ್ಟಿತು. ಪತ್ರಿಕೆಗೂ ನಿಘಂಟಿಗೂ ವಿಚಾರಗೋಷ್ಠಿಗಳಾಗಿವೆ. ಮಳೆ ಸುರಿಯುವ ಆಟಿ ತಿಂಗಳಲ್ಲಿ ಅವೆರಡನ್ನೂ ಬೂಷ್ಟು ಹಿಡಿಯದಂತೆ ಕಾದದ್ದು ಯಾರು ಎಂಬ ಪ್ರಶ್ನೆಯನ್ನು ಯಾವ ಗೋಷ್ಠಿಯೂ ಎತ್ತಿದಂತಿಲ್ಲ.

ಇನ್ನು ಶಾಸನಾಧಾರ. ಬಿ. ಎಲ್. ರೈಸ್ ಅವರ ಕೊಡಗಿನ ಶಾಸನಗಳ ಸಂಪುಟ ಹೊರಬಂದದ್ದು 1886ರಲ್ಲಿ. ಅಷ್ಟರಲ್ಲಿ ಮಂಗಳೂರು ಹಂಚಿಗೆ 21 ವರ್ಷ ತುಂಬಿತ್ತು. ಆದರೂ ಶಾಸನಶಾಸ್ತ್ರ ಬಂಡೆ, ತಾಮ್ರಪಟಗಳಲ್ಲೇ ನಿಂತಿತು. ಅಂಗಾತ ಮಲಗಿ ಓದಬಹುದಾದ ಶಾಸನಗಳ ಕಡೆ ಕಣ್ಣು ಹಾಯಿಸಲಿಲ್ಲ. ಮುಚ್ಚಿಗೆಯಿಲ್ಲದ ಮನೆಯಲ್ಲಿ ಮಲಗಿ ಮೇಲೆ ನೋಡಿದರೆ ಹಂಚಿನ ಹೊಟ್ಟೆಯಲ್ಲಿ ಅಚ್ಚೊತ್ತಿದ ಕಾರ್ಖಾನೆಯ ಹೆಸರು, ಊರು, ಲಾಂಛನ ಕಾಣುತ್ತವೆ. ಮಿಶನ್ನಿನ ಹಂಚಾದರೆ 1865 ಎಂಬ ಇಸವಿಯೂ ಇರುತ್ತದೆ. ಇಲ್ಲೊಂದು ವಿದ್ವತ್ ವಿವಾದವಿದೆ. ಇಸವಿ ಕಾರ್ಖಾನೆ ಹುಟ್ಟಿದ್ದು, ಹಂಚು ಹುಟ್ಟಿದ್ದಲ್ಲ. ಎಷ್ಟೋ ವರ್ಷಗಳ ನಂತರ ಬೆಂದ ಹಂಚಿನ ಮೇಲೂ ಅದೇ ಅಚ್ಚು. ಅಜ್ಜ ಕಟ್ಟಿಸಿದ ಮನೆಯನ್ನು ಮುತ್ತಜ್ಜನ ತಲೆಮಾರಿಗೆ ಏರಿಸಲು ಕರಾವಳಿಯ ಮನೆತನಗಳು ಈ ಒಂದೇ ಶಾಸನವನ್ನು ಬಳಸಿಕೊಳ್ಳುತ್ತವೆ. ಜಾಣ ನೆಂಟರು ತಿದ್ದಲು ಹೋಗುವುದಿಲ್ಲ, ಊಟ ಇನ್ನೂ ಆಗಿರುವುದಿಲ್ಲವಲ್ಲ.

ಗುಣವಿಚಾರಕ್ಕೆ ಬಂದರೆ, ಹಂಚಿನ ಮಾಡಿನಲ್ಲಿ ಮೊಳೆಯಿಲ್ಲ, ಗಾರೆ ಬೇಕಾದದ್ದು ನೆತ್ತಿ ಮತ್ತು ಮೂಲೆಗಳಲ್ಲಿ ಮಾತ್ರ. ಹಿಂಬದಿಯ ಗುಬುಟನ್ನು ರೀಪಿಗೆ ಸಿಕ್ಕಿಸಿದರೆ ಎರಡು-ಮೂರು ಕಿಲೋದ ಹಂಚು ತನ್ನ ಭಾರದಿಂದಲೇ ಕೂರುತ್ತದೆ. ಅಂಚಿನ ಕಾಲುವೆ ಪಕ್ಕದ ಹಂಚಿನ ಏಣಿನಡಿ ಹೊಂದಿಕೊಂಡು, ಸಂದಿಗಿಳಿದ ನೀರನ್ನು ಕೆಳಗಿನ ಹಂಚಿನ ಬೆನ್ನಿಗೆ ದಾಟಿಸುತ್ತದೆ. ನೀರು ಒಳಗೆ ಬಾರದ ಆ ಸಂದಿಯಲ್ಲೇ ಬೇಸಗೆಯ ಬಿಸಿಗಾಳಿ ಹೊರಗೆ ಹೋಗುತ್ತದೆ. ಅಡುಗೆಮನೆಯ ಹೊಗೆಗೂ ಅದೇ ದಾರಿ. ಚಿಮಣಿ ಮಾರುವವರು ಈ ವಾಕ್ಯವನ್ನು ಓದದೆ ಮುಂದೆ ಹೋಗಬಹುದು.

ಈಗ ಪೂರ್ವಪಕ್ಷ: ‘ಹಂಚು ಒಡೆಯುತ್ತದೆ. ಮಂಗ ಹಾರುತ್ತದೆ, ಬೆಕ್ಕು ಸರಿಸುತ್ತದೆ, ತೆಂಗಿನಕಾಯಿ ಬೀಳುತ್ತದೆ.’ ಮೂರೂ ಒಪ್ಪತಕ್ಕ ಮಾತೇ. ಮಂಗಳೂರು ಹಂಚಿಗೆಂದೇ ಐಎಸ್ 654 ಎಂಬ ರಾಷ್ಟ್ರೀಯ ಮಾನಕವಿದೆ. ಹಂಚು ಎಷ್ಟು ನೀರು ಹೀರುತ್ತದೆ, ಎಷ್ಟು ಭಾರಕ್ಕೆ ಮುರಿಯುತ್ತದೆ ಎಂದೆಲ್ಲ ಅದು ಪರೀಕ್ಷಿಸುತ್ತದೆ. ಮಂಗನ ವಿಷಯದಲ್ಲಿ ಮಾನಕ ಮೌನವಾಗಿದೆ.

ಸಿದ್ಧಾಂತ ಹೀಗಿದೆ: ಒಡೆಯುವುದು ನಿಜ, ಆದರೆ ಒಂದೊಂದಾಗಿ ಒಡೆಯುತ್ತದೆ. ಯಾವುದು ಒಡೆಯಿತೆಂದು ಪತ್ತೆ ಹಚ್ಚಲು ಬೇಕಾದ ಉಪಕರಣ ಒಂದು ಬಕೆಟ್. ಹನಿ ಬಿದ್ದ ಜಾಗದಿಂದ ಇಳಿಜಾರು ಹಿಡಿದು ಮೇಲೆ ನೋಡಿದರೆ ಬೆಳಕು ಇಣುಕುವ ಸಂದಿ ಸಿಗುತ್ತದೆ. ಒಳಗಿನಿಂದಲೇ ಕೋಲು ಕೊಟ್ಟು ಸರಿಸಿದರೆ ಅರ್ಧ ರಿಪೇರಿ ಮುಗಿಯಿತು. ಉಳಿದರ್ಧ ಮಳೆಗಾಲಕ್ಕೆ ಮೊದಲು ನಡೆಯುವ ಹಂಚು ಕೈಯಾಡಿಸುವ ಕೆಲಸದಲ್ಲಿ: ಮಾಡು ಹತ್ತಿ ತರಗೆಲೆ ಗುಡಿಸಿ, ಪಾಚಿ ಕೆರೆದು, ಗೆದ್ದಲು ಹಿಡಿದ ರೀಪು ಬದಲಿಸಿ ಇಳಿಯುವುದು. ಕಾಂಕ್ರೀಟ್ ತಾರಸಿಯಲ್ಲಿ ನೀರು ಒಂದು ಕಡೆ ಇಳಿದು ಇನ್ನೊಂದು ಕಡೆ ತೊಟ್ಟಿಕ್ಕುತ್ತದೆ. ಅದರ ಮೂಲ ಹುಡುಕಲು ಹೊರಟ ಎಂಜಿನಿಯರು ಮರುವರ್ಷದ ಮುಂಗಾರಿಗೂ ಹುಡುಕುತ್ತಲೇ ಇರುತ್ತಾನೆ.

ಕರಾವಳಿಯೇ ಸಾಕ್ಷಿ. ಹಂಚಿಳಿಸಿ ತಾರಸಿ ಹಾಕಿಸಿಕೊಂಡ ಎಷ್ಟೋ ಮನೆಗಳು ಈಗ ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ತಗಡು ಹೊದ್ದಿವೆ. ಮಾಡಿಗೊಂದು ಮಾಡು. ಇದಕ್ಕಿಂತ ಮರ್ಯಾದೆಯ ರಾಜಿಯೊಂದನ್ನು ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ಪ್ರಚಾರಕ್ಕೆ ತಂದರು. ಸ್ಲ್ಯಾಬಿನ ಕೆಳಭಾಗದ ಕಾಂಕ್ರೀಟ್ ಹೆಚ್ಚು ಕೆಲಸ ಮಾಡುವುದಿಲ್ಲ, ಎಳೆತವನ್ನು ತಾಳುವುದು ಕಬ್ಬಿಣ. ಆ ಸೋಮಾರಿ ಕಾಂಕ್ರೀಟಿನ ಜಾಗಕ್ಕೆ ಹಂಚು ಹೂತರೆ ಸಿಮೆಂಟೂ ಉಳಿತಾಯ, ತೂಕವೂ ಕಡಿಮೆ. ಸೋತ ಪಕ್ಷ ಗೆದ್ದವನ ಹೊಟ್ಟೆಯೊಳಗೇ ಜಾಗ ಹಿಡಿದ ಪ್ರಸಂಗವಿದು.

ಕೊನೆಗೆ ಅನ್ವಯಿಕ ಭಾಗ. ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ. ಜೇಡಿಮಣ್ಣು, ಸೌದೆ, ಆಳು ಮೂರೂ ದುಬಾರಿ. ಒಂದು ಕಾರ್ಖಾನೆಯ ಹಂಚಿನ ಕಾಲುವೆಗೆ ಇನ್ನೊಂದರ ಏಣು ಸರಿಯಾಗಿ ಕೂರುವುದಿಲ್ಲ. ಆದ್ದರಿಂದ ಹಂಚಿನ ಮನೆಯವರು, ಪಕ್ಕದೂರಿನಲ್ಲಿ ಹಳೇ ಮನೆ ಕೆಡವುತ್ತಿದ್ದಾರೆಂದು ಕೇಳಿದ ಕೂಡಲೇ ಹೋಗಿ, ಹಂಚನ್ನು ಮಗುಚಿ ಹೆಸರು ಓದಿ, ತಮ್ಮದೇ ಅಚ್ಚಿನದಾದರೆ ಐವತ್ತಾದರೂ ತಂದು ಕೊಟ್ಟಿಗೆಯ ಗೋಡೆಗೆ ಒರಗಿಸಿಡತಕ್ಕದ್ದು.